ಪಟದ ಅಂಚಿನಲ್ಲಿ ಕುಳಿತ ತಾಯಿ

ನಮ್ಮ ಮನೆತನಗಳಲ್ಲಿ ಪಡಸಾಲೆಯ ಗೋಡೆಯೆಂದರೆ ಹಿರಿಯರ ಸ್ಥಾನ. ಬಸವಣ್ಣನವರ ಭಾವಚಿತ್ರ, ಮನೆಯ ಗುರುಗಳ ಭಾವಚಿತ್ರ, ಅವುಗಳ ಪಕ್ಕದಲ್ಲಿ ಲಿಂಗೈಕ್ಯರಾದ ಅಜ್ಜ, ಮುತ್ತಜ್ಜಂದಿರ ಪಟಗಳು. ದಿನವೂ ಅವುಗಳಿಗೆ ವಿಭೂತಿ ಹಚ್ಚುತ್ತೇವೆ. ಹಬ್ಬಕ್ಕೆ ಹಾರ ಹಾಕುತ್ತೇವೆ. ಮನೆ ತುಂಬಿದ ಹೊಸ ಸೊಸೆಗೆ ಅಲ್ಲಿಯೇ ಮೊದಲ ನಮಸ್ಕಾರ ಮಾಡಿಸುತ್ತೇವೆ. ಆದರೆ ಆ ಪಟಗಳಲ್ಲಿ ಇರುವವರೆಲ್ಲರ ಹೆಸರು ಹೇಳಬಲ್ಲವರು ಮನೆಯಲ್ಲಿ ಎಷ್ಟು ಮಂದಿ ಇದ್ದಾರೆ? ಈ ಪ್ರಶ್ನೆಯನ್ನು ನಾವು ಎಂದೂ ಕೇಳಿಕೊಂಡಿರಲಿಲ್ಲ. ಅದನ್ನು ನಮಗೆ ಕೇಳಿದ್ದು ಏಳು ವರ್ಷದ ಒಂದು ಕೂಸು.

2018ರ ಬೇಸಿಗೆಯಲ್ಲಿ ನಮ್ಮ ಊರ ಮನೆಯ ಗೋಡೆಗೆ ಹೊಸ ಗಿಲಾವು ಮಾಡಿಸಬೇಕಾಗಿ ಬಂದು, ಪಟಗಳನ್ನೆಲ್ಲ ಕೆಳಗಿಳಿಸಿ ಒರೆಸುತ್ತಿದ್ದೆವು. ಅವುಗಳಲ್ಲಿ ದೊಡ್ಡದು ನಮ್ಮ ಅಜ್ಜನವರ ಮದುವೆಯ ಗುಂಪು ಚಿತ್ರ. ಅದರಲ್ಲಿ 14 ಜನ. ನಡುವೆ ಬಾಸಿಂಗ ಕಟ್ಟಿಕೊಂಡ ಅಜ್ಜ, ತಲೆ ತಗ್ಗಿಸಿದ ಅಜ್ಜಿ. ಹಿಂದೆ ರುಮಾಲು ಸುತ್ತಿದ ಗಂಡಸರು. ಮುಂದೆ ಚಾಪೆಯ ಮೇಲೆ ಮಕ್ಕಳು. ಎಡ ಅಂಚಿನಲ್ಲಿ, ಇನ್ನೊಂದು ಗೇಣು ಸರಿದರೆ ಚಿತ್ರದಿಂದಲೇ ಹೊರಗೆ ಹೋಗುವಂತೆ, ಬಿಳಿಯ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಹಣೆಯಲ್ಲಿ ವಿಭೂತಿ ಧರಿಸಿದ ಒಬ್ಬ ಹೆಣ್ಣುಮಗಳು. “ಈ ಅಮ್ಮಾ ಯಾರು?” ಎಂದು ಮೊಮ್ಮಗಳು ಕೇಳಿದಳು. ಗಂಡಸರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಬಂದಿದ್ದ ನಮ್ಮ ತಂದೆಯವರು ಅಲ್ಲಿ ಬಂದು ನಿಂತುಬಿಟ್ಟರು. “ಯಾರೋ ಬೀಗರ ಕಡೆಯವರಿರಬೇಕು” ಎಂದರು. ಚಿಕ್ಕಪ್ಪನವರು “ಅಡುಗೆಗೆ ಬಂದವರಿರಬಹುದು” ಎಂದರು. ಆ ಹೊತ್ತಿಗೆ ಮಾತು ಅಲ್ಲಿಗೇ ಮುಗಿಯಿತು. ಆದರೆ ಮಗುವಿನ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಮುಂದಿನ ಒಂದು ವರ್ಷ ನಾವು, ನಮ್ಮ ಅಣ್ಣತಮ್ಮಂದಿರು ಕೂಡಿ ಆ ಒಂದು ಹೆಸರಿನ ಬೆನ್ನು ಹತ್ತಿದೆವು. ಆ ಹುಡುಕಾಟದಲ್ಲಿ ಕಂಡುದನ್ನು ಓದುಗ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ಪಟವೇ ಮೊದಲ ಸಾಕ್ಷಿ

ಹಳೆಯ ಛಾಯಾಚಿತ್ರವನ್ನು ನಾವು ಮುಂದಿನಿಂದಷ್ಟೇ ನೋಡುತ್ತೇವೆ. ಅದರ ಬೆನ್ನೂ ಮಾತನಾಡುತ್ತದೆ ಎಂಬುದು ಚೌಕಟ್ಟು ಬಿಚ್ಚಿದ ಮೇಲೆ ತಿಳಿಯಿತು. ಚಿತ್ರವನ್ನು ದಪ್ಪ ರಟ್ಟಿಗೆ ಅಂಟಿಸಿದ್ದರು. ಮೂಲೆಯಲ್ಲಿ ಒತ್ತಿದ್ದ ಸ್ಟುಡಿಯೋದ ಮುದ್ರೆಯನ್ನು ಹುಳು ತಿಂದಿತ್ತು. ಆದರೆ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಯಾರೋ ಬರೆದಿದ್ದ “ಶ್ರೀಮುಖ ಸಂವತ್ಸರ, ವೈಶಾಖ” ಎಂಬ ಅಕ್ಷರಗಳು ಮಸುಕಾಗಿ ಉಳಿದಿದ್ದವು.

ನಮ್ಮ ಹಿರಿಯರು ಇಸವಿಯಿಂದ ಕಾಲವನ್ನು ಎಣಿಸುತ್ತಿರಲಿಲ್ಲ, ಸಂವತ್ಸರದಿಂದ ಎಣಿಸುತ್ತಿದ್ದರು. ಸಂವತ್ಸರಗಳು 60. ಒಂದು ಸುತ್ತು ಮುಗಿದ ಮೇಲೆ ಅದೇ ಹೆಸರು ಮರಳಿ ಬರುತ್ತದೆ. ಶ್ರೀಮುಖ ಬಂದದ್ದು 1873ರಲ್ಲಿ, 1933ರಲ್ಲಿ, 1993ರಲ್ಲಿ. ಅಜ್ಜನವರು 1873ರಲ್ಲಿ ಹುಟ್ಟಿಯೇ ಇರಲಿಲ್ಲ. 1993ರಲ್ಲಿ ಅವರು ಇರಲಿಲ್ಲ. ಆದ್ದರಿಂದ ಮದುವೆ 1933ರ ವೈಶಾಖದ್ದೆಂದು ನಿಶ್ಚಯವಾಯಿತು. ಮನೆಯ ಹಳೆಯ ಜಾತಕ, ಲಗ್ನಪತ್ರಿಕೆ, ಪತ್ರಗಳಲ್ಲಿ ಹೀಗೆ ಸಂವತ್ಸರವಷ್ಟೇ ಇದ್ದರೆ ಯಾರೂ ನಿರಾಶರಾಗಬೇಕಾಗಿಲ್ಲ. ಶಾಲಿವಾಹನ ಶಕೆ ಇದ್ದರೆ 78ನ್ನು ಕೂಡಿಸಿದರೆ ಇಸವಿ ದೊರೆಯುತ್ತದೆ. ನಿಜಾಮರ ಆಳ್ವಿಕೆಗೆ ಸೇರಿದ್ದ ಕಲಬುರಗಿ, ಬೀದರ, ರಾಯಚೂರು ಕಡೆಯ ಕಾಗದಗಳಲ್ಲಿ ಫಸಲಿ ವರ್ಷವಿರುತ್ತದೆ; ಅದಕ್ಕೆ ಸುಮಾರು 590ನ್ನು ಕೂಡಿಸಬೇಕು.

ವರ್ಷ ತಿಳಿಯಿತು. ಹೆಸರು ತಿಳಿಯಲಿಲ್ಲ.

ಹೆಳವರ ಪುಸ್ತಕ

ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಿಗೆ ವಂಶಾವಳಿ ಬೇಕಾದಾಗ ಮೊದಲು ನೆನಪಾಗುವವರು ಹೆಳವರು. ಸುಗ್ಗಿ ಮುಗಿಯುವ ಹೊತ್ತಿಗೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬಾಗಿಲಿಗೆ ಬಂದು, ಮನೆತನದ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರುಗಳನ್ನು ಹಾಡಿನಂತೆ ಹೇಳಿ, ಕಾಳುಕಡಿ, ಬಟ್ಟೆ, ದಕ್ಷಿಣೆ ಪಡೆದು ಹೋಗುವ ಜನ. ಲಿಂಗಾಯತರು, ಕುರುಬರು, ರಡ್ಡಿಗಳು ಮೊದಲಾದ ಹಲವು ಸಮಾಜಗಳ ಮನೆತನಗಳನ್ನು ಅವರು ತಲೆಮಾರುಗಳಿಂದ ತಮ್ಮತಮ್ಮಲ್ಲಿ ಹಂಚಿಕೊಂಡು ಕಾಪಾಡಿದ್ದಾರೆ. ಯಾವ ಸರಕಾರಿ ಕಚೇರಿಯೂ ಹುಟ್ಟುವ ಮುನ್ನ ನಮ್ಮ ಮನೆತನಗಳ ದಫ್ತರವೆಂದರೆ ಅವರ ನೆನಪು.

ಆ ವರ್ಷ ನಮ್ಮ ಮನೆಯ ಹೆಳವರು ಬಂದಾಗ ಪಟವನ್ನು ಮುಂದಿಟ್ಟೆವು. ಅವರು ಪುಸ್ತಕ ಬಿಚ್ಚಿ ಏಳು ತಲೆಯ ಗಂಡುಸಂತತಿಯನ್ನು ತಡೆಯಿಲ್ಲದೆ ಹೇಳಿದರು. ನಮ್ಮ ಮುತ್ತಜ್ಜನಿಗೆ ಒಬ್ಬಳು ಅಕ್ಕ ಇದ್ದಳೆಂಬ ಮಾತು ಆ ದಿನ ಮೊದಲ ಸಲ ನಮ್ಮ ಕಿವಿಗೆ ಬಿತ್ತು. “ಆಕಿ ಹೆಸರೇನ್ರಿ?” ಎಂದು ಕೇಳಿದೆವು. “ಕೊಟ್ಟ ಹೆಣ್ಮಗಳಲ್ರಿ ಸಾಹುಕಾರ್ರ, ಆಕಿ ಹೋದ ಮನಿ ಹೆಳವರ ಹೊತ್ತಿಗ್ಯಾಗ ಇರ್ತೈತಿ” ಎಂದರು. ಆದರೆ ಆ ಮನೆ ಯಾವುದೆಂದು ಅವರಿಗೂ ತಿಳಿಯದು. ಆ ಮನೆಯಲ್ಲಿ ಆಕೆಗೆ ಮಕ್ಕಳಾಗಿರದಿದ್ದರೆ ಅಲ್ಲಿಯೂ ಆಕೆಯ ಹೆಸರು ಉಳಿದಿರಲಾರದು ಎಂದು ಅವರೇ ಹೇಳಿದರು. ತವರಿನ ಪುಸ್ತಕದಿಂದ ಹೊರಗೆ ಹೋದವಳು. ಗಂಡನ ಮನೆಯ ಪುಸ್ತಕದೊಳಗೆ ಬಾರದವಳು. ಅಂಥ ಹೆಣ್ಣುಮಕ್ಕಳು ನಮ್ಮ ಮನೆತನಗಳಲ್ಲಿ ಎಷ್ಟು ಜನ ಇದ್ದಿರಬಹುದೆಂದು ಆ ರಾತ್ರಿ ನಾವು ಬಹಳ ಹೊತ್ತು ಯೋಚಿಸಿದೆವು.

ಕಚೇರಿಯ ಕಪಾಟುಗಳಲ್ಲಿ

ಜನಗಣತಿಯಲ್ಲಿ ಹುಡುಕಬಾರದೇಕೆ ಎಂದು ಮನೆಯ ಹುಡುಗರು ಕೇಳಿದರು. ದೇಶದಾದ್ಯಂತ ಒಂದೇ ಕಾಲಕ್ಕೆ ನಡೆಯುವ ಜನಗಣತಿ 1881ರಲ್ಲಿಯೇ ಆರಂಭವಾಗಿದ್ದರೂ ಅದು ಲೆಕ್ಕವನ್ನು ಪ್ರಕಟಿಸುತ್ತದೆಯೇ ಹೊರತು ಮನೆಮನೆಯ ವಿವರಗಳನ್ನು ನೋಡಗೊಡುವುದಿಲ್ಲ. ಜನನ ಮರಣಗಳ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾಯಿದೆ ಬಂದದ್ದು 1969ರಲ್ಲಿ. ಆದ್ದರಿಂದ ಹಳ್ಳಿಯ ಒಕ್ಕಲು ಮನೆತನಕ್ಕೆ ಭೂಮಿಯ ದಾಖಲೆ ಮತ್ತು ಶಾಲೆಯ ದಾಖಲೆ ಇವೆರಡೇ ದೊಡ್ಡ ಆಧಾರ.

ದಾಖಲೆ ಹುಡುಕುವವರು ಮೊದಲು ತಮ್ಮ ಊರು ಆ ಕಾಲಕ್ಕೆ ಯಾರ ಆಡಳಿತದಲ್ಲಿತ್ತೆಂಬುದನ್ನು ತಿಳಿಯಬೇಕು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಬೆಳಗಾವಿ, ವಿಜಯಪುರ, ಧಾರವಾಡ ಜಿಲ್ಲೆಗಳು ಮುಂಬಯಿ ಆಡಳಿತದಲ್ಲಿದ್ದವು. ಕಲಬುರಗಿ, ಬೀದರ, ರಾಯಚೂರು ಹೈದರಾಬಾದಿಗೆ ಸೇರಿದ್ದವು. ಮುಂಬಯಿ ಭಾಗದ ಹಳೆಯ ಕುಲಕರ್ಣಿ ದಫ್ತರಗಳಲ್ಲಿ ಮೋಡಿ ಲಿಪಿಯ ಕಾಗದಗಳು ದೊರೆತರೆ, ಹೈದರಾಬಾದ್ ಭಾಗದಲ್ಲಿ ಉರ್ದು ಕಾಗದಗಳು ದೊರೆಯುತ್ತವೆ. ಅವನ್ನು ಓದಬಲ್ಲ ಹಿರಿಯರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಜಿಲ್ಲೆಗಳೂ ಬದಲಾಗಿವೆ. ನಮ್ಮ ಊರು ಅಜ್ಜನವರ ಕಾಲಕ್ಕೆ ಧಾರವಾಡ ಜಿಲ್ಲೆಯಲ್ಲಿತ್ತು. 1997ರಿಂದ ಗದಗ ಜಿಲ್ಲೆಯಲ್ಲಿದೆ.

ಹಳೆಯ ಉತಾರ, ವಾರಸಾ ಡೈರಿಗಳ ನಕಲಿಗೆ ಅರ್ಜಿ ಕೊಟ್ಟ ಸುದ್ದಿ ಊರಲ್ಲಿ ಹಬ್ಬಲು ಎರಡು ದಿನ ಹಿಡಿಯಲಿಲ್ಲ. ಮೂರನೆಯ ದಿನ ಹುಬ್ಬಳ್ಳಿಯಲ್ಲಿರುವ ಸಂಬಂಧಿಕರೊಬ್ಬರು ದೂರವಾಣಿ ಮಾಡಿ, “ವಾಟ್ನಿ ಕೇಸು ಹಾಕಾವ್ರೇನಪಾ?” ಎಂದು ಕೇಳಿದರು. ಒಂದು ಹೆಸರಿಗಾಗಿ ಹುಡುಕುತ್ತಿದ್ದೇವೆಂದರೆ ಅವರಿಗೆ ನಂಬಿಕೆಯೇ ಆಗಲಿಲ್ಲ. ಕೊನೆಗೆ ಅವರನ್ನೂ ಜೊತೆಗೆ ಕರೆದುಕೊಂಡು ಹೋದ ಮೇಲೆ ಸಂಶಯ ಹರಿಯಿತು. ವಂಶದ ದಾಖಲೆ ಹುಡುಕುವವರು ಮೊದಲೇ ಅಣ್ಣತಮ್ಮಂದಿರಿಗೆಲ್ಲ ತಿಳಿಸಿ ಹೊರಡುವುದು ಲೇಸು.

ಕಚೇರಿಯಲ್ಲಿ ಒಬ್ಬರು “ಅವೆಲ್ಲ ಗೆದ್ದಲು ತಿಂದಾವ” ಎಂದು ಕೈಚೆಲ್ಲಿದರು. ಇನ್ನೊಬ್ಬರು, ನಿವೃತ್ತಿಗೆ ಹತ್ತಿರವಾದವರು, ಎರಡು ಶನಿವಾರ ಧೂಳಿನಲ್ಲಿ ಕುಳಿತು ಬಸ್ತಾಗಳನ್ನು ಬಿಚ್ಚಿಸಿದರು. ಅವರ ಉಪಕಾರವನ್ನು ನಾವು ಮರೆಯುವಂತಿಲ್ಲ. 1919ರ ಡೈರಿಯ ಒಂದು ಪುಟದಲ್ಲಿ ನಮ್ಮ ಹೊಲದ ಸರ್ವೇ ನಂಬರು ಸಿಕ್ಕಿತು. ಮುತ್ತಜ್ಜನವರು ಮೃತರಾದ್ದರಿಂದ ವಾರಸಾ ಪ್ರಕಾರ ಮಗನ ಹೆಸರು ದಾಖಲು ಎಂದಿತ್ತು. ಮಗನೆಂದರೆ ನಮ್ಮ ಅಜ್ಜ. ಆ ಹೆಸರಿನ ಮುಂದೆ ‘ಅಜ್ಞಾನ’ ಎಂದೂ, ಅದರ ಮುಂದೆ ‘ಅ.ಪಾ.ಕ.’ ಎಂದೂ ಬರೆದು, ಒಬ್ಬ ಹೆಣ್ಣುಮಗಳ ಹೆಸರನ್ನು ಬರೆದಿದ್ದರು. ಪಕ್ಕದಲ್ಲಿ ‘ಸೋದರತ್ತಿ’ ಎಂಬ ಒಂದು ಶಬ್ದ.

ಅ.ಪಾ.ಕ. ಎಂದರೆ ಅಜ್ಞಾನ ಪಾಲನಕರ್ತ. ವಯಸ್ಸಿಗೆ ಬಾರದ ವಾರಸುದಾರನ ಪರವಾಗಿ ಆಸ್ತಿಯನ್ನು ನೋಡಿಕೊಳ್ಳುವವರು. ನೂರು ವರ್ಷ ಕಪಾಟಿನ ಕತ್ತಲೆಯಲ್ಲಿದ್ದ ಆ ಹೆಸರನ್ನು ಓದುವಾಗ ನಮ್ಮ ಗಂಟಲು ಕಟ್ಟಿ ಬಂದಿತು. 1930ರ ಇನ್ನೊಂದು ಪುಟದಲ್ಲಿ, ಅಜ್ಜನವರಿಗೆ 18 ತುಂಬಿದ್ದರಿಂದ ಪಾಲನಕರ್ತರ ಹೆಸರು ಕಡಿಮೆ ಮಾಡಲಾಗಿದೆ ಎಂದು ಬರೆದಿತ್ತು. ಕಾಗದದಲ್ಲಿ ಆ ತಾಯಿ ಬದುಕಿದ್ದು 11 ವರ್ಷ.

ಶಾಲೆಯ ಪುಸ್ತಕ, ಟ್ರಂಕಿನ ಕಾಗದ

ಊರ ಕನ್ನಡ ಗಂಡುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯರು ಹಳೆಯ ದಾಖಲಾತಿ ಪುಸ್ತಕವನ್ನು ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು. ಅಜ್ಜನವರು ಶಾಲೆಗೆ ಸೇರಿದ್ದು 1919ರಲ್ಲಿ. ಜನ್ಮದಿನಾಂಕ 1912ರ ಜೂನ್ 1. ಇದನ್ನು ಕಂಡು ನಮಗೆ ನಗು ಬಂದಿತು. ನಮ್ಮ ತಂದೆಯವರ ಜನ್ಮದಿನವೂ ಜೂನ್ 1. ಚಿಕ್ಕಪ್ಪನವರದೂ ಜೂನ್ 1. ಹುಟ್ಟಿದ ದಿನ ತಿಳಿಯದ ಮಕ್ಕಳಿಗೆ ಮಾಸ್ತರರು ಶಾಲೆ ಆರಂಭವಾಗುವ ದಿನಕ್ಕೆ ಹೊಂದಿಸಿ ಬರೆದ ತಾರೀಖು ಅದು. ಶಾಲೆಯ ದಾಖಲೆಯಲ್ಲಿ ಜೂನ್ 1 ಕಂಡರೆ ವರ್ಷವನ್ನೂ ಅಂದಾಜೆಂದೇ ತಿಳಿಯಬೇಕು.

ಆದರೆ ನಮ್ಮ ನಗು ಪಕ್ಕದ ಅಂಕಣಕ್ಕೆ ಬಂದಾಗ ನಿಂತಿತು. ಪಾಲಕರ ಹೆಸರು ಎಂಬಲ್ಲಿ ಡೈರಿಯಲ್ಲಿದ್ದ ಅದೇ ಹೆಸರು. ಪಾಲಕರ ಉದ್ಯೋಗ ಎಂಬಲ್ಲಿ ‘ಒಕ್ಕಲುತನ’. ಹೆಣ್ಣುಮಕ್ಕಳ ದುಡಿಮೆಯನ್ನು ಮನೆಗೆಲಸವೆಂದು ಬರೆದು ಮುಗಿಸುವ ರೂಢಿಯ ಕಾಲದಲ್ಲಿ, ಹೆಸರು ತಿಳಿಯದ ಆ ಮಾಸ್ತರರು ಆಕೆಯನ್ನು ಒಕ್ಕಲಿಗಳೆಂದು ಬರೆದಿದ್ದರು. ಕಾಯಕಕ್ಕೆ ಸಂದ ಮರ್ಯಾದೆ ಅದು.

ಇದಾದ ಮೇಲೆ ಅಜ್ಜನವರ ಟ್ರಂಕನ್ನು ಮತ್ತೊಮ್ಮೆ ತೆಗೆದೆವು. ಮೊದಲು ಎಷ್ಟೋ ಸಲ ನೋಡಿ ಪಕ್ಕಕ್ಕಿಟ್ಟಿದ್ದ ಒಂದು ಸ್ಟ್ಯಾಂಪ್ ಕಾಗದ ಈಗ ಬೇರೆಯಾಗಿ ಕಂಡಿತು. ಎರಡು ಕೂರಿಗೆ ಎರಿ ಹೊಲವನ್ನು ಭೋಗ್ಯದಿಂದ ಬಿಡಿಸಿಕೊಂಡ 1927ರ ಪತ್ರ. ಕೊನೆಯಲ್ಲಿ ಸಾಕ್ಷಿದಾರರ ಸಹಿಗಳು, ಬರೆದವರ ಬಿಕಲಂ. ಹಣ ಕೊಟ್ಟು ಬಿಡಿಸಿಕೊಂಡವರ ಜಾಗದಲ್ಲಿ ಒಂದು ಹೆಬ್ಬೆಟ್ಟಿನ ಗುರುತು. ಅದರ ಸುತ್ತ ಅದೇ ಹೆಸರು.

ಇಲ್ಲಿ ನಮ್ಮ ಮನೆಯ ಒಂದು ಹಳೆಯ ಮಾತಿನ ಗಂಟು ಬಿಚ್ಚಿತು. ಅಜ್ಜನವರು ಮಿತಭಾಷಿಗಳು. ಆದರೆ ಹೊಲಕ್ಕೆ ಹೋದಾಗಲೆಲ್ಲ “ಈ ಹೊಲಾ ನಮ್ಮವ್ವ ಉಳಿಸಿದ್ಲು” ಎನ್ನುತ್ತಿದ್ದರೆಂದು ತಂದೆಯವರು ಹೇಳುತ್ತಿದ್ದರು. ಅವ್ವನೆಂದರೆ ಹೆತ್ತ ತಾಯಿಯೆಂದೇ ಮೂರು ತಲೆಮಾರು ತಿಳಿದಿತ್ತು. ಹೆತ್ತ ತಾಯಿ 1918ರಲ್ಲಿಯೇ ತೀರಿಕೊಂಡಿದ್ದರು. 1927ರಲ್ಲಿ ಹೊಲ ಬಿಡಿಸಿದವರು ಅವರಾಗಿರಲು ಸಾಧ್ಯವಿರಲಿಲ್ಲ. ಅಜ್ಜನವರು ಸುಳ್ಳು ಹೇಳಿರಲಿಲ್ಲ. ಸೋದರತ್ತೆಯನ್ನೇ ಅವ್ವ ಎಂದು ಕರೆಯುತ್ತಿದ್ದರು. ಕೇಳಿದವರು ನಾವು ತಪ್ಪಾಗಿ ಕೇಳಿದ್ದೆವು.

ಸೊಲ್ಲಾಪುರದ ಅತ್ತೆ

ಹೆಸರು ದೊರೆತಿತ್ತು; ಮುಖವೂ ಇತ್ತು. ಈ ಹೆಸರು ಆ ಮುಖದ್ದೇ ಎಂದು ಹೇಳುವವರು ಬೇಕಾಗಿತ್ತು. ಆಗ ನಮ್ಮ ತಾಯಿಯವರು, “ಸೊಲ್ಲಾಪುರದ ವೈನಿಗೆ ಕೇಳಿದ್ರೇನು?” ಎಂದರು. ತಂದೆಯವರ ಹಿರಿಯ ಅಕ್ಕ ಅವರು. ಹುಟ್ಟಿದ್ದು 1937ರಲ್ಲಿ, 16ನೆಯ ವಯಸ್ಸಿಗೆ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದವರು. ಇಷ್ಟು ದಿನ ಊರೆಲ್ಲ ಕೇಳಿದ ನಮಗೆ ಅವರನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ. ಕೊಟ್ಟ ಹೆಣ್ಣುಮಗಳಿಗೆ ತವರಿನ ಇತಿಹಾಸ ಹೇಗೆ ತಿಳಿದೀತೆಂದು ನಮ್ಮ ಮನಸ್ಸು ತನಗೆ ತಿಳಿಯದಂತೆಯೇ ತೀರ್ಮಾನಿಸಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ; ಆದರೂ ಬರೆಯಬೇಕು.

2019ರಲ್ಲಿ ಪಟವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆವು. 82ರ ಆ ಹಿರಿಯ ಜೀವ ಕನ್ನಡಕ ಹಾಕಿಕೊಂಡು ನಡುವಿನ ಮದುಮಕ್ಕಳನ್ನು ನೋಡಲಿಲ್ಲ. ನೇರವಾಗಿ ಬೆರಳಿಟ್ಟದ್ದು ಎಡ ಅಂಚಿನ ಮೇಲೆ. “ಅಯ್ಯ ನಮ್ಮಾಯಿ! ಎಲ್ಲಿ ಕುಂತಾಳ ನೋಡ, ಯಾವಾಗ್ಲೂ ಹಿಂಗ, ಮೂಲ್ಯಾಗ” ಎಂದರು. ನಾವು ಏನೂ ಕೇಳುವ ಮೊದಲೇ ಡೈರಿಯಲ್ಲಿದ್ದ ಹೆಸರನ್ನು ಹೇಳಿದರು. ಆಮೇಲೆ ತಮ್ಮ ಕೊರಳಿನಲ್ಲಿದ್ದ ಬೆಳ್ಳಿಯ ಗುಂಡಗಡಗಿಯನ್ನು ಸೆರಗಿನ ಹೊರಗೆ ತೆಗೆದು ಪಟದ ಪಕ್ಕದಲ್ಲಿ ಹಿಡಿದರು. ಪಟದಲ್ಲಿಯ ತಾಯಿಯ ಎದೆಯ ಮೇಲೆ ಅದೇ ಗುಂಡಗಡಗಿ. ಮುಚ್ಚಳದ ಮೇಲಿನ ತಗ್ಗೂ ಅದೇ. ಸಮಾಧಿ ಮಾಡುವಾಗ ಇಷ್ಟಲಿಂಗವನ್ನು ಆಯಿಯ ಅಂಗೈಯಲ್ಲಿಯೇ ಇರಿಸಿ, ಗುಂಡಗಡಗಿಯನ್ನು ಮಾತ್ರ ಅಜ್ಜನವರು ತಮ್ಮ ಹಿರಿಯ ಮಗಳ ಕೊರಳಿಗೆ ಹಾಕಿದ್ದರಂತೆ.

ಮುಂದಿನದು ಅತ್ತೆ ಹೇಳಿದ್ದು. ಆಯಿಗೆ ಚಿಕ್ಕ ವಯಸ್ಸಿಗೇ ಗಂಡ ತೀರಿಹೋಗಿ ತವರಿಗೆ ಬಂದಿದ್ದಳು. ಕಾಳಯುಕ್ತಿ ಸಂವತ್ಸರದಲ್ಲಿ, ಅಂದರೆ 1918ರಲ್ಲಿ, ಮಳೆಯೂ ಕೈಕೊಟ್ಟಿತು. ಇನ್‌ಫ್ಲುಯೆಂಜಾ ಜ್ವರವೂ ಬಂದಿತು. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಜ್ವರ ಅದು. ನಮ್ಮ ಮನೆಯಲ್ಲಿ ಒಂದೇ ವಾರದಲ್ಲಿ ತಮ್ಮನನ್ನೂ ತಮ್ಮನ ಹೆಂಡತಿಯನ್ನೂ ಮಣ್ಣಿಗೆ ಕೊಟ್ಟ ಆಯಿಯ ಕೈಯಲ್ಲಿ ಆರು ವರ್ಷದ ಕೂಸು ಉಳಿಯಿತು. ಆಕೆಗೆ ಉಡಿಕಿ ಮಾಡಿಸಲು ಹಿರಿಯರು ಮುಂದೆ ಬಂದಾಗ, “ಈ ಕೂಸು ದೊಡ್ಡದಾಗ್ಲಿ, ಆಮ್ಯಾಲೆ ನೋಡೂಣು” ಎಂದಳಂತೆ. ಆ ‘ಆಮ್ಯಾಲೆ’ ಬರಲೇ ಇಲ್ಲ. ಬೀಜಕ್ಕೂ ಹೊಟ್ಟೆಗೂ ಸಾಲ ಮಾಡಿ ಹೊಲ ಭೋಗ್ಯಕ್ಕೆ ಹೋಯಿತು. ತನ್ನದೇ ಹೊಲದಲ್ಲಿ ಕೂಲಿ ಮಾಡಿದಳು. ಕೊನೆಗೆ ಮೈಮೇಲಿದ್ದ ಪಾಟ್ಲಿ, ವಂಕಿ, ಸರಿಗಿಗಳನ್ನು ಮಾರಿ ಹೊಲ ಬಿಡಿಸಿದಳು. ಅದಕ್ಕಾಗಿಯೇ ಮದುವೆಯ ಪಟದಲ್ಲಿ ಎಲ್ಲ ಹೆಣ್ಣುಮಕ್ಕಳ ಮೈಮೇಲೆ ಬಂಗಾರವಿದ್ದು ಆಕೆಯ ಮೈಮೇಲೆ ಗುಂಡಗಡಗಿಯೊಂದೇ ಇತ್ತು. 1946ರಲ್ಲಿ ಆಯಿ ಲಿಂಗೈಕ್ಯಳಾದಾಗ ಅತ್ತೆಗೆ ಒಂಬತ್ತು ವರ್ಷ. ನಮ್ಮ ತಂದೆಯವರು ಇನ್ನೂ ಹುಟ್ಟಿರಲಿಲ್ಲ.

ಆ ಅತ್ತೆಯವರು 2021ರಲ್ಲಿ ಲಿಂಗೈಕ್ಯರಾದರು. ಎರಡು ವರ್ಷ ತಡಮಾಡಿದ್ದರೆ ಆ ಮುಖ ಶಾಶ್ವತವಾಗಿ ಅಡುಗೆಗೆ ಬಂದವರ ಮುಖವಾಗಿಯೇ ಉಳಿಯುತ್ತಿತ್ತು.

ಮರೆತದ್ದು ಏಕೆ?

ನಾವು ಬರೆಯುವ ವಂಶವೃಕ್ಷದಲ್ಲಿ ತಂದೆಯ ಕೆಳಗೆ ಮಗ, ಮಗನ ಕೆಳಗೆ ಮೊಮ್ಮಗ. ಸಂತಾನವಿಲ್ಲದವರಿಗೆ ಅದರಲ್ಲಿ ಕೊಂಬೆಯಿಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಎಲೆಯೂ ಇಲ್ಲ. ಬಂದ ಸೊಸೆಗೆ ತವರಿನ ಹೆಸರು ಹೋಗಿ ಬೇರೊಂದು ಹೆಸರು ಬಂದಿರುತ್ತದೆ. ಹೀಗಾಗಿ ಮರವನ್ನು ಒಣಗದಂತೆ ನೀರೆರೆದವರೇ ಮರದ ಚಿತ್ರದಲ್ಲಿ ಇರುವುದಿಲ್ಲ. ನಮ್ಮ ಆಯಿಯಂಥ ವಿಧವೆ ಅತ್ತೆಯರು, ಮದುವೆಯಾಗದೆ ಉಳಿದು ಅಣ್ಣನ ಮಕ್ಕಳನ್ನು ಸಾಕಿದ ಚಿಕ್ಕಪ್ಪಂದಿರು, ಕಿರಿಯ ಸೊಸೆಯ ಮಕ್ಕಳನ್ನು ಎತ್ತಿ ಆಡಿಸಿದ ಮಕ್ಕಳಿಲ್ಲದ ದೊಡ್ಡವ್ವಂದಿರು ಯಾವ ಮನೆತನದಲ್ಲಿ ಇರಲಿಲ್ಲ?

ನಾವು ಶರಣರ ಮಾರ್ಗದವರು. 12ನೆಯ ಶತಮಾನದಲ್ಲಿ ಅಕ್ಕಮಹಾದೇವಿ, ನೀಲಾಂಬಿಕೆ, ಆಯ್ದಕ್ಕಿ ಲಕ್ಕಮ್ಮ, ಮುಕ್ತಾಯಕ್ಕ, ಸತ್ಯಕ್ಕ ಮೊದಲಾಗಿ ವಚನ ರಚಿಸಿದ ಮೂವತ್ತಕ್ಕೂ ಹೆಚ್ಚು ಶರಣೆಯರ ಹೆಸರುಗಳು ಎಂಟು ನೂರು ವರ್ಷ ದಾಟಿ ನಮಗೆ ಬಂದಿವೆ. ನಮ್ಮ ಮನೆಯನ್ನು ಉಳಿಸಿದ ತಾಯಿಯ ಹೆಸರನ್ನು ನಾವು ಎಪ್ಪತ್ತು ವರ್ಷವೂ ಉಳಿಸಿಕೊಳ್ಳಲಿಲ್ಲ. ಮಾದಾರ ಚೆನ್ನಯ್ಯ, ಡೋಹಾರ ಕಕ್ಕಯ್ಯರನ್ನು ತಮ್ಮ ಹಿರಿಯರೆಂದು ಹೇಳಿಕೊಂಡವರು ಬಸವಣ್ಣನವರು. ಹುಟ್ಟಿನ ನಂಟಿಗಿಂತ ನಡೆಯ ನಂಟು ದೊಡ್ಡದೆಂದು ತಿಳಿದ ಪರಂಪರೆಯಲ್ಲಿ ವಂಶಾವಳಿಯು ಕುಲದ ಹಮ್ಮಿಗೆ ಮೆಟ್ಟಿಲಾಗಬಾರದು. ಅದು ಋಣವನ್ನು ನೆನೆಯುವ ಪುಸ್ತಕವಾಗಬೇಕು.

ಹುಡುಕಿದಾಗ ಸಿಹಿಯಷ್ಟೇ ದೊರೆಯುವುದಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಮುತ್ತಜ್ಜನವರು ಇನ್ನೊಬ್ಬರ ಹೊಲವನ್ನು ಭೋಗ್ಯಕ್ಕೆ ಹಿಡಿದು ಹಿಂದಿರುಗಿಸದೆ ಉಳಿಸಿಕೊಂಡ ಕಾಗದವೂ ಅದೇ ಟ್ರಂಕಿನಲ್ಲಿತ್ತು. ಅದನ್ನು ಹರಿದು ಹಾಕೋಣವೆಂದು ಒಬ್ಬರು ಸೂಚಿಸಿದರು. ಹಾಗೆ ಮಾಡಲಿಲ್ಲ. ಹಿರಿಯರೂ ಮನುಷ್ಯರೇ ಎಂದು ಮಕ್ಕಳಿಗೆ ತಿಳಿಯಲಿ.

ಅಟ್ಟದ ಮೇಲಿನ ಕಟ್ಟುಗಳು

ಮನೆಯ ಹಳೆಯ ಕಾಗದಕ್ಕೆ ಬೆಲೆಯೇನು ಎನ್ನುವವರು ಫ.ಗು. ಹಳಕಟ್ಟಿಯವರನ್ನು ನೆನೆಯಬೇಕು. ವಿಜಯಪುರದ ವಕೀಲರಾಗಿದ್ದ ಅವರು ಮನೆಮನೆಗೆ, ಮಠಮಠಕ್ಕೆ ಅಲೆದು ತಾಡವೋಲೆಯ ಕಟ್ಟುಗಳನ್ನು ಸಂಗ್ರಹಿಸಿದರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾಯಿತು; 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ಆ ಓಲೆಗಳನ್ನು ಓದಲು ಬಾರದಿದ್ದರೂ ದೇವರಮನೆಯಲ್ಲಿಟ್ಟು ಕಾಯ್ದ ಸಾಮಾನ್ಯ ಗೃಹಸ್ಥರು ಇಲ್ಲದಿದ್ದರೆ ಅವರಿಗೆ ಸಿಗುವುದೇನಿತ್ತು? ಇಂದು ನಮ್ಮ ಅಟ್ಟದ ಮೇಲಿರುವ ಕಟ್ಟನ್ನು ರದ್ದಿಗೆ ಹಾಕುವ ಮುನ್ನ ಈ ಮಾತು ನೆನಪಾಗಲಿ.

ನಮ್ಮ ಅನುಭವದಿಂದ ಕೆಲವು ಸೂಚನೆಗಳನ್ನು ಹೇಳುತ್ತೇವೆ. ಮೊದಲು ಮನೆಯ ಹಿರಿಯರನ್ನು, ಅದರಲ್ಲಿಯೂ ಕೊಟ್ಟ ಹೆಣ್ಣುಮಕ್ಕಳನ್ನು ಕೇಳಿರಿ. ಕಚೇರಿಯ ಕಾಗದ ನಾಳೆಯೂ ಸಿಕ್ಕೀತು. ಹಿರಿಯರ ನೆನಪು ಸಿಗಲಾರದು. ಬರಿಗೈಯಲ್ಲಿ ಹೋಗಿ ಕೇಳಿದರೆ ನೆನಪು ಬರುವುದಿಲ್ಲ; ಪಟವನ್ನು ಕೈಗೆ ಕೊಟ್ಟು ಕೇಳಿದರೆ ತಾನಾಗಿ ಬರುತ್ತದೆ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನೂ ಬರೆದಿಡಿರಿ. ಇಬ್ಬರು ಎರಡು ಮಾತು ಹೇಳಿದರೆ ಎರಡನ್ನೂ ಬರೆಯಿರಿ.

ಪಟದ ಹಿಂದೆ ಎಡದಿಂದ ಬಲಕ್ಕೆ ಹೆಸರುಗಳನ್ನು ಮೆದು ಪೆನ್ಸಿಲ್ಲಿನಿಂದ ಹಗುರವಾಗಿ ಬರೆಯಬೇಕು. ಬಾಲ್‌ಪೆನ್ನಿನ ಒತ್ತು ಮುಂದೆ ಮೂಡುತ್ತದೆ, ಮಸಿಯೂ ಹರಡುತ್ತದೆ. ಹರಿದ ಪಟಕ್ಕೆ ಅಂಟುಪಟ್ಟಿ ಹಚ್ಚಬಾರದು, ಲ್ಯಾಮಿನೇಶನ್ ಮಾಡಿಸಬಾರದು, ಅಂಟುಹಾಳೆಯ ಆಲ್ಬಮ್ಮಿನಲ್ಲಿ ಇಡಬಾರದು. ಗಾಜಿಗೆ ಒತ್ತಿದಂತಿರುವ ಪಟಕ್ಕೆ ತೇವ ತಗುಲಿದರೆ ಚಿತ್ರ ಗಾಜಿಗೇ ಹತ್ತಿಕೊಳ್ಳುತ್ತದೆ. ಆದ್ದರಿಂದ ಒದ್ದೆ ವಿಭೂತಿ, ಹಸಿ ಹೂವಿನ ಹಾರಗಳನ್ನು ಪ್ರತಿಗೆ ಸಲ್ಲಿಸಿ, ಮೂಲವನ್ನು ಒಣಗಿದ ಜಾಗದಲ್ಲಿ ಕಾಗದದಲ್ಲಿ ಸುತ್ತಿಡುವುದು ಉತ್ತಮ. ಪ್ರತಿ ತೆಗೆಯಲು ಈಗ ಕೈಯಲ್ಲಿರುವ ಮೊಬೈಲು ಸಾಕು. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪಟದ ಎರಡೂ ಬದಿಗಳನ್ನು ತೆಗೆದು ನಾಲ್ಕು ಮನೆಗಳಲ್ಲಿ ಇಟ್ಟರೆ ಒಂದು ಮನೆಯ ಗೆದ್ದಲಿಗೆ ಹೆದರಬೇಕಾಗಿಲ್ಲ. ಹಾಗೆಯೇ ‘ಭೂಮಿ’ ಯೋಜನೆಯಿಂದ ಗಣಕಕ್ಕೆ ಬಂದ ಪಹಣಿಯಲ್ಲಿ ಈಚಿನ ಹೆಸರುಗಳೇ ಇರುತ್ತವೆ. ಹಳೆಯವಕ್ಕೆ ಕೈಬರಹದ ಪುಸ್ತಕಗಳನ್ನೇ ನೋಡಬೇಕು. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕಾರ್ಯ 2024ರಲ್ಲಿ ಆರಂಭವಾಗಿರುವುದು ಸಮಾಧಾನದ ಸಂಗತಿ.

ಈಗ ಆ ಮದುವೆಯ ಪಟ ಮತ್ತೆ ಪಡಸಾಲೆಯ ಗೋಡೆಗೆ ಬಂದಿದೆ. ಹಿಂಬದಿಯಲ್ಲಿ 14 ಹೆಸರುಗಳಿವೆ. ಎಡದಿಂದ ಆರಂಭಿಸಿದ್ದರಿಂದ ಆಯಿಯ ಹೆಸರೇ ಮೊದಲನೆಯದಾಯಿತು. ಆ ಹೆಸರನ್ನು ನಾವು ಇಲ್ಲಿ ಅಚ್ಚು ಹಾಕಿಸಿಲ್ಲ. ಅದು ನಮ್ಮ ಮನೆಯದು. 2020ರಲ್ಲಿ ನಮ್ಮ ತಮ್ಮನಿಗೆ ಹೆಣ್ಣುಮಗು ಹುಟ್ಟಿದಾಗ ತೊಟ್ಟಿಲಲ್ಲಿಟ್ಟು ಅದೇ ಹೆಸರನ್ನು ಕಿವಿಯಲ್ಲಿ ಹೇಳಿದೆವು. ಸೊಲ್ಲಾಪುರದ ಅತ್ತೆ ಅಂದು ಬಂದಿದ್ದರು.

ಓದುಗ ಬಂಧುಗಳು ಈ ಪುಟವನ್ನು ಮುಚ್ಚಿದ ಮೇಲೆ ತಮ್ಮ ಪಡಸಾಲೆಯ ಪಟವನ್ನು ಒಮ್ಮೆ ಕೆಳಗಿಳಿಸಿ ನೋಡಲಿ. ಅಂಚಿನಲ್ಲಿ ಕುಳಿತವರು ಯಾರೆಂದು ಮನೆಯ ಹಿರಿಯರನ್ನು ಇಂದೇ ಕೇಳಲಿ.